ಕುದುರೆಯಲ್ಲಿ ಎರಡಾಣೆ ಪಾಲು

ನಷ್ಟದ ವಿಷಯದಲ್ಲಿ ಆದಾಯ ತೆರಿಗೆ ಕಾಯ್ದೆ ಅಷ್ಟೇನೂ ಕಲ್ಲೆದೆಯದ್ದಲ್ಲ. ವ್ಯಾಪಾರದಲ್ಲಿ ಕೈಸುಟ್ಟುಕೊಂಡವರು ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಮುಂದಿನ ಲಾಭದಲ್ಲಿ ಕಳೆದುಕೊಳ್ಳಬಹುದು. ಷೇರು, ಜಮೀನು ಮಾರಿ ಸೋತವರಿಗೂ ಎಂಟು ವರ್ಷದ ವಾಯಿದೆ ಇದೆ. ಕುದುರೆಯ ಮಾತು ಬಂದರೆ ಮಾತ್ರ ಕಾಯ್ದೆ ಹುಬ್ಬು ಗಂಟಿಕ್ಕುತ್ತದೆ. ರೇಸ್ ಕುದುರೆ ಸಾಕಿ ಆದ ನಷ್ಟವನ್ನು ರೇಸ್ ಕುದುರೆಯಿಂದಲೇ ಬಂದ ಆದಾಯದಲ್ಲಿ ಕಳೆಯಬೇಕು. ಸಂಬಳದಲ್ಲಿ ಕಳೆಯುವಂತಿಲ್ಲ, ಮನೆ ಬಾಡಿಗೆಯಲ್ಲಿ ಕಳೆಯುವಂತಿಲ್ಲ, ಇನ್ನೊಂದು ವ್ಯಾಪಾರದ ಲಾಭದಲ್ಲೂ ಕಳೆಯುವಂತಿಲ್ಲ. ಮಿಕ್ಕಿದ್ದನ್ನು ನಾಲ್ಕೇ ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ಆ ವರ್ಷಗಳಲ್ಲಿ ಕುದುರೆ ಸಾಕುತ್ತಲೇ ಇದ್ದರೆ. 1961ರ ಕಾಯ್ದೆಯ 74ಎ ಕಲಂ ಹೇಳುವುದು ಇದನ್ನೇ. ಶ್ರೀಮಂತರು ತಮ್ಮ ಶೋಕಿಯ ಖರ್ಚನ್ನು ವ್ಯಾಪಾರದ ನಷ್ಟವೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳದಿರಲಿ ಎಂದು ಹಾಕಿದ ಬೇಲಿ ಇದು.

ಈ ಕಲಮನ್ನು ಅರೆದು ಕುಡಿದವರು ಚಾರ್ಟರ್ಡ್ ಅಕೌಂಟೆಂಟರು, ಬ್ಯಾಂಕಿನ ದೊಡ್ಡ ಅಧಿಕಾರಿಗಳು, ಕಂಪನಿಗಳ ಹಣಕಾಸು ಮುಖ್ಯಸ್ಥರು. ರೇಸ್ ಕುದುರೆಗಳ ಒಡೆಯರ ಸಾಲಿನಲ್ಲೂ ಅಂಥವರೇ ಸಿಗುತ್ತಾರೆ ಎಂಬುದು ಈ ಕಥೆಯ ಸ್ವಾರಸ್ಯ. ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ರಾಕೇಶ್ ಜುನ್‌ಜುನ್‌ವಾಲಾ. ಆದಾಯ ತೆರಿಗೆ ಅಧಿಕಾರಿಯ ಮಗ, ಓದಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. 1985ರಲ್ಲಿ ಐದು ಸಾವಿರ ರೂಪಾಯಿ ಹಿಡಿದು ಷೇರು ಪೇಟೆಗೆ ಇಳಿದವರು, 2022ರ ಆಗಸ್ಟ್ 14ರಂದು ತೀರಿಕೊಳ್ಳುವ ಹೊತ್ತಿಗೆ ದೇಶದ ಅತ್ಯಂತ ಹೆಸರುವಾಸಿ ಹೂಡಿಕೆದಾರರಾಗಿದ್ದರು. ಟೈಟನ್ ಷೇರನ್ನು ವರ್ಷಗಟ್ಟಲೆ ಕೈಬಿಡದೆ ಕಾದ ಈ ಲೆಕ್ಕಾಚಾರದ ಮನುಷ್ಯ ಮಹಾಲಕ್ಷ್ಮಿಯಲ್ಲಿ ರೇಸ್ ಕುದುರೆಗಳ ಒಡೆಯರೂ ಆಗಿದ್ದರು. ಷೇರಿಗೆ ಹಾಕುವ ಅಳತೆಗೋಲನ್ನು ಕುದುರೆಗೂ ಹಾಕಿದ್ದರೆ ಅವರು ಒಂದನ್ನೂ ಕೊಳ್ಳುತ್ತಿರಲಿಲ್ಲ.

ಹಾಗಾದರೆ ಲೆಕ್ಕ ಬಲ್ಲವರು ಯಾಕೆ ಕೊಳ್ಳುತ್ತಾರೆ? ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಓದುಗರಿಗೆ ಈ ಪ್ರಶ್ನೆ ದೂರದ್ದೇನಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂಬ ಐದು ಬ್ಯಾಂಕುಗಳು ಹುಟ್ಟಿದ್ದು ಅಂದಿನ ದಕ್ಷಿಣ ಕನ್ನಡದಲ್ಲಿ. ಅವುಗಳ ಕೌಂಟರಿನಲ್ಲಿ ಕೂತು, ಡೊಂಬಿವಲಿಯ ಚಾಳಿನಿಂದ ಸಿಎಸ್‌ಟಿವರೆಗೆ ಲೋಕಲಿನಲ್ಲಿ ನಿಂತು ಹೋದವರ ಮಕ್ಕಳು ಈಗ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳಲ್ಲಿ ಫೈನಾನ್ಸ್ ವಿಭಾಗ ನೋಡಿಕೊಳ್ಳುತ್ತಾರೆ. ಮನೆ ಘೋಡ್‌ಬಂದರ್ ರಸ್ತೆಯಲ್ಲಿ, ಖಾರ್ಘರಿನಲ್ಲಿ. ಮನೆ ಸಾಲ ತೀರಿದೆ, ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಹೋಗುತ್ತಿದೆ. ಗೆಳೆಯನೊಬ್ಬ ಬಂದು, ‘ಏಳು ಜನ ಸೇರಿ ಒಂದು ಕುದುರೆ ತಗೊಳ್ತಿದ್ದೇವೆ, ಎಂಟನೆಯವನಾಗಿ ನೀನು ಬರ್ತೀಯಾ?’ ಎಂದು ಕೇಳುವ ಸಂದರ್ಭ ಇಂಥವರಿಗೆ ಇನ್ನು ಅಪರೂಪವಲ್ಲ.

ಅರಮನೆಯಿಂದ ಆಫೀಸಿಗೆ

ಮುಂಬಯಿಯ ಟರ್ಫ್ ಕ್ಲಬ್ಬಿನ ಬೇರು 1802ಕ್ಕೆ ಹೋಗುತ್ತದೆ. ಮೊದಲು ಓಟ ನಡೆಯುತ್ತಿದ್ದುದು ಬೈಕಲಾದಲ್ಲಿ. 1883ರಲ್ಲಿ ಅದು ಮಹಾಲಕ್ಷ್ಮಿಯ ಬಯಲಿಗೆ ಬಂತು. ಇಂದಿನ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ ಇದೇ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಓಟ ಮುಂಬಯಿಯಲ್ಲಿ, ಮಳೆಗಾಲದಲ್ಲಿ ಪುಣೆಯಲ್ಲಿ. ಹಂಗಾಮು ಬದಲಾದಾಗ ಕುದುರೆಗಳೂ ಘಟ್ಟ ಹತ್ತಿ ಇಳಿಯುತ್ತವೆ. ಫೆಬ್ರವರಿಯ ಮೊದಲ ಭಾನುವಾರದ ಇಂಡಿಯನ್ ಡರ್ಬಿ ಈ ಲೋಕದ ದೊಡ್ಡ ಹಬ್ಬ, 2400 ಮೀಟರಿನ ಓಟ. 1943ರಲ್ಲಿ ಮೊದಲ ಡರ್ಬಿ ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಅದರ ಒಡೆಯರು ಬರೋಡಾದ ಮಹಾರಾಜರು.

ಆ ಕಾಲಕ್ಕೆ ಕುದುರೆಯ ಒಡೆತನ ಅರಸರ, ಗಿರಣಿ ಮಾಲೀಕರ, ದೊಡ್ಡ ಶೇಟ್‌ಗಳ ಸ್ವತ್ತು. ಕರ್ನಾಟಕದಲ್ಲೂ ಹಾಗೆಯೇ. ಮೈಸೂರು ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಅರಮನೆಯ ನೆರಳಿನಲ್ಲಿ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಸೈನ್ಯಕ್ಕೆ ಕುದುರೆ ಒದಗಿಸಿದ ಜಾಗ. 1992ರಲ್ಲಿ ಅದು ವಿಜಯ್ ಮಲ್ಯರ ಕಂಪನಿಗೆ ಗುತ್ತಿಗೆಗೆ ಹೋಯಿತು. ಮದ್ರಾಸಿನ ಉದ್ಯಮಿ ಎಂ.ಎ.ಎಂ. ರಾಮಸ್ವಾಮಿ ದೇಶದ ಎಲ್ಲ ಮುಖ್ಯ ರೇಸುಗಳಲ್ಲಿ ತಮ್ಮ ಕುದುರೆಗಳನ್ನು ಗೆಲ್ಲಿಸಿ ಗಿನ್ನೆಸ್ ದಾಖಲೆ ಸೇರಿದರು. ಒಬ್ಬರದೇ ಲಾಯದಲ್ಲಿ ನೂರಾರು ಕುದುರೆ ಇರುತ್ತಿದ್ದ ಕಾಲ ಅದು.

ಸಂಬಳದ ಮನುಷ್ಯನಿಗೆ ಈ ಬಾಗಿಲು ತೆರೆದದ್ದು ಪಾಲುಗಾರಿಕೆ. ಇಡೀ ಕುದುರೆಯ ಖರ್ಚು ಹೊರಲಾರದವನೂ ಅದರ ಎಂಟನೆಯ ಒಂದು ಭಾಗವನ್ನು ಹೊರಬಲ್ಲ. ರೇಸ್ ಪುಸ್ತಕದಲ್ಲಿ ಕುದುರೆಯ ಹೆಸರಿನ ಕೆಳಗೆ ಒಡೆಯರ ಹೆಸರುಗಳು ಸಾಲಾಗಿ ಅಚ್ಚಾಗುತ್ತವೆ. ಅದರಲ್ಲಿ ತನ್ನದೂ ಒಂದು. ಗೆದ್ದ ದಿನ ಲಗಾಮು ಹಿಡಿದು ಕುದುರೆಯನ್ನು ಒಳಗೆ ಕರೆತರುವ ಹಕ್ಕು ಮಹಾರಾಜರಿಗೆ ಇದ್ದಷ್ಟೇ ಈ ಎಂಟನೆಯ ಪಾಲಿನವನಿಗೂ ಇದೆ. ಶೋಕಿಯ ಬೆಲೆ ಎಂಟರಲ್ಲಿ ಒಂದಾಯಿತು, ಸಂಭ್ರಮ ಹಾಗೇ ಉಳಿಯಿತು. ಲೆಕ್ಕ ಬಲ್ಲವರಿಗೆ ಹಿಡಿಸುವುದು ಇದೇ.

ಪಾಲಿನಲ್ಲೂ ಬಗೆಗಳಿವೆ

ರೇಸಿನಲ್ಲಿ ಓಡುವ ಥರೋಬ್ರೆಡ್ ತಳಿಯ ಪ್ರತಿ ಕುದುರೆಯ ಗಂಡು ಸಂತತಿಯ ಸಾಲು ಹದಿನೇಳು-ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದ ಮೂರು ಗಂಡು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ವಂಶಾವಳಿ ಬರೆದಿಡುವ ಕೆಲಸ ನಮ್ಮಲ್ಲಿ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದ್ದು. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಎಲ್ಲೂ ಅವಕಾಶವಿಲ್ಲ. ಹೆಸರಾಂತ ಗಂಡು ಕುದುರೆಗೆ ವರ್ಷಕ್ಕೆ ಇಷ್ಟೇ ಮರಿ ಎಂಬ ಮಿತಿ ಪ್ರಕೃತಿಯದೇ, ಮರಿಗಳ ಬೆಲೆ ಏರುವುದೂ ಅದರಿಂದಲೇ. ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ಕ್ಕೆ ಎಲ್ಲ ಮರಿಗಳಿಗೂ ಒಂದು ವಯಸ್ಸು ಏರುತ್ತದೆ. ಎರಡನೇ ವಯಸ್ಸಿನಲ್ಲಿ ಓಟ ಶುರು. ಡರ್ಬಿ ಓಡುವುದು ನಾಲ್ಕಕ್ಕೆ ಆಗತಾನೆ ಕಾಲಿಟ್ಟ ಕುದುರೆಗಳು. ಒಡೆಯನ ಆಸೆಗೆ ಸಿಗುವ ಕಾಲಾವಧಿ ಎಷ್ಟು ಚಿಕ್ಕದೆಂದು ಇದರಿಂದಲೇ ತಿಳಿಯುತ್ತದೆ.

ಇಂಥ ಕುದುರೆಯಲ್ಲಿ ಪಾಲು ಹೊಂದಲು ಇರುವ ದಾರಿಗಳನ್ನು ನಮ್ಮ ಹೋಟೆಲಿನವರಿಗೆ ವಿವರಿಸುವುದು ಬಹಳ ಸುಲಭ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ನಾಲ್ಕಾಣೆ ಪಾಲು, ಎರಡಾಣೆ ಪಾಲು ಎಂದು ಬಂಡವಾಳ ಹಾಕಿ ಲಾಭ-ನಷ್ಟ ಹಂಚಿಕೊಳ್ಳುವವರಿದ್ದಾರೆ. ಜಾಗ, ಲೈಸೆನ್ಸು ತನ್ನದಾಗಿಯೇ ಇಟ್ಟುಕೊಂಡು ಹೋಟೆಲನ್ನು ಇನ್ನೊಬ್ಬನಿಗೆ ಕಂಡಕ್ಟಿಗೆ ಕೊಡುವವರೂ ಇದ್ದಾರೆ. ಕುದುರೆಯಲ್ಲೂ ಇವೆರಡೂ ಉಂಟು. ಎಂಟು ಜನ ಸೇರಿ ಕೊಂಡರೆ ತಲೆಗೆ ಎರಡಾಣೆ ಪಾಲು. ಕುದುರೆ ಸಾಕಣೆಯ ಫಾರಂ ಒಡೆತನ ಬಿಟ್ಟುಕೊಡದೆ ರೇಸಿನ ಕಾಲಾವಧಿಗೆ ಮಾತ್ರ ಲೀಸಿಗೆ ಕೊಟ್ಟರೆ ಅದು ಕಂಡಕ್ಟು. ಓಡಿಸುವ ಖರ್ಚು ಲೀಸಿಗೆ ಪಡೆದವನದು, ಬಹುಮಾನದಲ್ಲಿ ಒಪ್ಪಂದದಂತೆ ಪಾಲು. ಓಟ ಮುಗಿದ ಮೇಲೆ ಹೆಣ್ಣು ಕುದುರೆ ಮರಿ ಹಾಕಲು ಫಾರಂಗೆ ವಾಪಸು. ಕೊಳ್ಳುವ ಬಂಡವಾಳವಿಲ್ಲದವರಿಗೆ ಲೀಸು ಒಳ್ಳೆಯ ದಾರಿ.

ಕಾನೂನಿನ ಒಂದು ಗೆರೆಯನ್ನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು ವಸ್ತುವನ್ನು ಹಲವರು ಸೇರಿ ಹೊಂದಿದ್ದಾರೆ, ಅದರಿಂದ ಬಂದದ್ದನ್ನು ಹಂಚಿಕೊಳ್ಳುತ್ತಾರೆ ಎಂದ ಮಾತ್ರಕ್ಕೆ 1932ರ ಪಾಲುಗಾರಿಕೆ ಕಾಯ್ದೆಯ ಪ್ರಕಾರ ಅವರು ಪಾಲುದಾರರಾಗುವುದಿಲ್ಲ, ಬರೀ ಸಹ ಒಡೆಯರಾಗಿರಬಹುದು. ಪಾಲುದಾರರಾದರೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ಪೂರ್ತಿ ಹೊಣೆ. ಒಬ್ಬ ಕೈಯೆತ್ತಿದರೆ ಅವನ ಬಾಕಿ ಉಳಿದವರ ತಲೆಗೆ. ಕರಾರಿನಲ್ಲಿ ಪ್ರಮಾಣ ಬರೆಯದಿದ್ದರೆ ಲಾಭ-ನಷ್ಟ ಸಮನಾಗಿ ಹಂಚಿಕೆ, ಯಾರು ಎಷ್ಟು ಹಾಕಿದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸ್ನೇಹದ ಮೇಲೆ ಶುರುವಾದ ಪಾಲು ಜಗಳದಲ್ಲಿ ಮುಗಿಯುವುದು ಹೆಚ್ಚಾಗಿ ಇಲ್ಲಿಂದಲೇ.

ಎಂಟು ಜನರ ಲೆಕ್ಕ

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ವಿವರಣೆಗೆಂದು ಹಿಡಿದವು, ಮಾರುಕಟ್ಟೆಯ ದರವಲ್ಲ. ಮರಿಯ ಬೆಲೆ 12 ಲಕ್ಷ ರೂಪಾಯಿ ಎನ್ನಿ. ಎಂಟು ಜನಕ್ಕೆ ತಲಾ ಒಂದೂವರೆ ಲಕ್ಷ. ತಿಂಗಳ ಖರ್ಚು 50 ಸಾವಿರ ಎನ್ನಿ. ಟ್ರೇನರ್ ಶುಲ್ಕ, ಸೈಸನ ಕೂಲಿ, ಓಟ್ಸ್, ಬೂಸಾ, ಕುದುರೆ ಮಸಾಲೆ ಸೊಪ್ಪು, ಲಾಳ, ಡಾಕ್ಟರು, ಪುಣೆಗೆ ಸಾಗಿಸುವ ಗಾಡಿ ಎಲ್ಲ ಅದರಲ್ಲಿ ಬಂತು. ವರ್ಷಕ್ಕೆ 6 ಲಕ್ಷ, ಮೂರು ವರ್ಷಕ್ಕೆ 18 ಲಕ್ಷ. ಮರಿಯ ಬೆಲೆ ಸೇರಿಸಿದರೆ 30 ಲಕ್ಷ. ಕುದುರೆ ತಕ್ಕಮಟ್ಟಿಗೆ ಓಡಿತು, ಜಾಕಿ ಮತ್ತು ಟ್ರೇನರ್ ಪಾಲು ಕಳೆದು ವರ್ಷಕ್ಕೆ 4 ಲಕ್ಷ ಬಹುಮಾನ ತಂದಿತು ಎನ್ನಿ. ಮೂರು ವರ್ಷಕ್ಕೆ 12 ಲಕ್ಷ. ಕೊನೆಗೆ ಕೈಬಿಟ್ಟದ್ದು 18 ಲಕ್ಷ. ತಲೆಗೆ 2 ಲಕ್ಷ 25 ಸಾವಿರ, ತಿಂಗಳಿಗೆ 6,250 ರೂಪಾಯಿ.

ಓಡುವ ಕುದುರೆಯ ಲೆಕ್ಕವೇ ಹೀಗೆ. ಒಂದೂ ಗೆಲ್ಲದ ಕುದುರೆಗಳು ಲಾಯದಲ್ಲಿ ಬೇಕಾದಷ್ಟಿವೆ. ಸುಮಾರು ಅರ್ಧ ಟನ್ ತೂಕದ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾಲುಗಳ ಮೇಲೆ ಓಡುತ್ತದೆ. ಮುಂಗಾಲಿನ ಸ್ನಾಯುರಜ್ಜು ಹರಿದರೆ ಒಂದು ವರ್ಷ ಓಟವಿಲ್ಲ, ಮೇವು ಮಾತ್ರ ನಿಲ್ಲುವುದಿಲ್ಲ. ಗೆಲ್ಲುತ್ತ ಹೋದರೂ ನೆಮ್ಮದಿಯಿಲ್ಲ. ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಬೆನ್ನ ಮೇಲೆ ಹೆಚ್ಚು ತೂಕ ಬೀಳುತ್ತದೆ, ಇಲ್ಲವೇ ಮೇಲಿನ ದರ್ಜೆಗೆ ಹೋಗಿ ಬಲಿಷ್ಠರ ಎದುರು ಓಡಬೇಕಾಗುತ್ತದೆ. ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮನಾಗಿರಲಿ ಎಂಬುದು ಇದರ ಉದ್ದೇಶ. ಒಬ್ಬ ಒಡೆಯನಿಗೆ ಸತತ ಲಾಭ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಇದೇ ಆಗಿಬಿಡುತ್ತದೆ.

ತೆರಿಗೆಯ ಕಡೆಗೆ ಬಂದರೆ, ಮೇಲಿನ ಲೆಕ್ಕದಲ್ಲಿ ಸಾಕಣೆಯ ನಷ್ಟ ವರ್ಷಕ್ಕೆ 2 ಲಕ್ಷ, ತಲೆಗೆ 25 ಸಾವಿರ. ಪಾಲಿನವನ ಸಂಬಳ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಇದನ್ನು ಕಳೆಯಲು ಬರುವುದಿಲ್ಲ. ಮರಿ ಕೊಂಡ ಹಣ ಬಂಡವಾಳ ಖರ್ಚು, 74ಎ ಕಲಮಿನ ನಷ್ಟದ ಲೆಕ್ಕದೊಳಗೆ ಅದಕ್ಕೆ ಜಾಗವೇ ಇಲ್ಲ. ಒಂದು ಸಮಾಧಾನವಿದೆ. ಬೆಟ್ಟಿಂಗಿನಲ್ಲಿ ಗೆದ್ದ ಹಣಕ್ಕೆ ಹಾಕುವ ಶೇ. 30ರ ಏಕದರದ ತೆರಿಗೆಯಿಂದ ಕುದುರೆ ಸಾಕಣೆಯ ಆದಾಯವನ್ನು 115ಬಿಬಿ ಕಲಂ ಹೊರಗಿಟ್ಟಿದೆ. ಬಾಜಿ ಕಟ್ಟಿದವನು ಖರ್ಚು ತೋರಿಸುವಂತಿಲ್ಲ, ಒಡೆಯ ತೋರಿಸಬಹುದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಲೆಕ್ಕ, ಕಲಮುಗಳ ಸಂಖ್ಯೆಯೂ ಬೇರೆ. ರಿಟರ್ನ್ ತುಂಬುವ ಮೊದಲು ನಿಮ್ಮ ಸಿಎಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಒಡೆಯ ಬೇರೆ, ಬಾಜಿಗಾರ ಬೇರೆ

ನಮ್ಮ ಮನೆಗಳಲ್ಲಿ ‘ರೇಸಿಗೆ ಹೋಗುತ್ತಾನೆ’ ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಆ ಭಯಕ್ಕೆ ಕಾರಣವಿತ್ತು. ಸಂಬಳದ ದಿನವೇ ಸಂಬಳ ಕಳೆದು ಬರಿಗೈಯಲ್ಲಿ ಮನೆಗೆ ಬಂದವರನ್ನು ಬೆಂಗಳೂರೂ ಕಂಡಿದೆ, ಮುಂಬಯಿಯೂ ಕಂಡಿದೆ. ಕುದುರೆ ಓಟದ ಮೇಲೆ ಬಾಜಿ ಕಟ್ಟುವುದು ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿತು. ತೀರ್ಪು ಕ್ಲಬ್ಬುಗಳನ್ನು ಉಳಿಸಿತು, ಬಾಜಿಗಾರನ ಜೇಬನ್ನು ಉಳಿಸಲಿಲ್ಲ.

ಪಾಲಿನ ಒಡೆಯನ ನಷ್ಟಕ್ಕೆ ಒಂದು ತಳವಿದೆ. ತಿಂಗಳ ಬಿಲ್ಲು ಎಷ್ಟು ಬರುತ್ತದೆಂದು ಅವನಿಗೆ ಮೊದಲೇ ಗೊತ್ತು. ಬಾಜಿಯ ನಷ್ಟಕ್ಕೆ ತಳವಿಲ್ಲ. ಒಡೆಯನೇ ತನ್ನ ಕುದುರೆಯ ಮೇಲೆ ಕಟ್ಟತೊಡಗಿದರೆ ಆ ತಳವೂ ಕಳಚಿಬೀಳುತ್ತದೆ. ‘ನಮ್ಮದೇ ಕುದುರೆ, ಒಳಗಿನ ಸುದ್ದಿ ನಮಗೆ ಗೊತ್ತು’ ಎಂಬ ಮಾತಿನಿಂದ ಕೆಟ್ಟವರೇ ಹೆಚ್ಚು.

ಆದರೂ ಒಡೆಯನ ಭವಿಷ್ಯ ಬಾಜಿಗಾರನ ಕೈಯಲ್ಲೇ ಇದೆ. ಬಹುಮಾನದ ಹಣ ಮುಖ್ಯವಾಗಿ ಬೆಟ್ಟಿಂಗಿನಲ್ಲಿ ಕ್ಲಬ್ಬಿಗೆ ಸಿಗುವ ಪಾಲಿನಿಂದ ಬರುತ್ತದೆ, ಪ್ರಾಯೋಜಕರ ಹಣ, ಪ್ರವೇಶ ಶುಲ್ಕ ಅದರ ಮೇಲೆ ಒಗ್ಗರಣೆ. 2023ರ ಅಕ್ಟೋಬರಿನಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಎಂದು ಸ್ಪಷ್ಟವಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ತೆರಿಗೆ ಹೆಚ್ಚಿದಷ್ಟೂ ಬಾಜಿ ಕಳ್ಳ ಬುಕ್ಕಿಗಳ ಕಡೆಗೆ ಜಾರುತ್ತದೆ, ಅಲ್ಲಿ ತೆರಿಗೆಯೂ ಇಲ್ಲ, ಕ್ಲಬ್ಬಿಗೆ ಪಾಲೂ ಇಲ್ಲ. ಕ್ಲಬ್ಬಿನ ವರಮಾನ ಕುಗ್ಗಿದರೆ ಬಹುಮಾನ ಕುಗ್ಗುತ್ತದೆ. ಡೊಂಬಿವಲಿಯಲ್ಲಿ ಕೂತ ಎರಡಾಣೆ ಪಾಲಿನವನು ಜೀವನದಲ್ಲಿ ಒಂದು ಬಾಜಿಯನ್ನೂ ಕಟ್ಟಿರದಿದ್ದರೂ ಜಿಎಸ್‌ಟಿ ಮಂಡಳಿಯ ಸಭೆ ಅವನಿಗೆ ತಟ್ಟುವುದು ಹೀಗೆ.

ನೆಲದ ಪ್ರಶ್ನೆಯೂ ಇದೆ. ಮಹಾಲಕ್ಷ್ಮಿ ಮೈದಾನದ ಲೀಸು 2013ರಲ್ಲೇ ಮುಗಿದಿತ್ತು. 2024ರ ಒಪ್ಪಂದದಲ್ಲಿ 211 ಎಕರೆಯ ಪೈಕಿ 120 ಎಕರೆ ಉದ್ಯಾನಕ್ಕೆಂದು ಮುಂಬಯಿ ಪಾಲಿಕೆಗೆ ಹೋಯಿತು, ಕ್ಲಬ್ಬಿಗೆ 91 ಎಕರೆ ಉಳಿಯಿತು. ಈ ಲೀಸು 2053ರವರೆಗೆ. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಪರವಾನಗಿಯ ಜಗಳ ಹೈಕೋರ್ಟಿನ ಮೆಟ್ಟಿಲೇರಿತು, ರೇಸುಗಳು ನಿಂತವು. ಅದಕ್ಕೂ ಮೊದಲು 2020ರ ಮಾರ್ಚಿನಲ್ಲಿ ಕೊರೊನಾ ದೇಶದ ಎಲ್ಲ ಓಟಗಳನ್ನೂ ನಿಲ್ಲಿಸಿತ್ತು. ಕಾರ್ಖಾನೆ ಮುಚ್ಚಿದರೆ ಯಂತ್ರವನ್ನು ಆರಿಸಿ ಇಡಬಹುದು. ಲಾಯದ ಕುದುರೆ ಓಟವಿಲ್ಲದ ದಿನವೂ ತಿನ್ನುತ್ತದೆ, ಸೈಸ್ ಅದರ ಮೈ ಉಜ್ಜಲೇಬೇಕು, ದಿನವೂ ಅಡ್ಡಾಡಿಸಲೇಬೇಕು. ಆ ತಿಂಗಳುಗಳಲ್ಲಿ ಒಡೆಯರಿಗೆ ಬಿಲ್ಲು ಮಾತ್ರ ಬಂತು.

ಗೆದ್ದ ಪಾಲುಗಾರರು

ಹೀಗಿದ್ದೂ ಪಾಲಿನ ಕುದುರೆಗಳ ಕಥೆಗಳು ಜನರನ್ನು ಸೆಳೆಯುತ್ತಲೇ ಇವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಯಾಕೆಟ್ಸ್ ಹಾರ್ಬರ್ ಎಂಬ ಪುಟ್ಟ ಊರಿನ ಶಾಲಾ ಗೆಳೆಯರು 1995ರಲ್ಲಿ ತಲಾ 5 ಸಾವಿರ ಡಾಲರ್ ಹಾಕಿ ಕುದುರೆ ಕೊಳ್ಳತೊಡಗಿದರು. ಮುಂದೆ ಇನ್ನಷ್ಟು ಜನ ಸೇರಿ 75 ಸಾವಿರ ಡಾಲರಿಗೆ ಕೊಂಡ ಫನ್ನಿ ಸೈಡ್ ಎಂಬ ಕುದುರೆ 2003ರ ಕೆಂಟಕಿ ಡರ್ಬಿಯನ್ನೂ ಪ್ರೀಕ್‌ನೆಸ್ ಓಟವನ್ನೂ ಗೆದ್ದಿತು. ಒಡೆಯರು ರೇಸಿಗೆ ಬಂದದ್ದು ಹಳದಿ ಬಣ್ಣದ ಸ್ಕೂಲ್ ಬಸ್ಸಿನಲ್ಲಿ. ಅದು 35 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಬೀಜ ಒಡೆಸಿದ ಕುದುರೆಯಾದ್ದರಿಂದ ತಳಿಗೆ ಬಿಟ್ಟು ಹಣ ಮಾಡುವ ದಾರಿ ಇರಲಿಲ್ಲ. ದೊಡ್ಡ ರೇಸು ಗೆದ್ದ ಗಂಡು ಕುದುರೆಯ ನಿಜವಾದ ಬೆಲೆ ಇರುವುದು ಮೈದಾನ ಬಿಟ್ಟ ಮೇಲೆ, ತಳಿಯ ಲಾಯದಲ್ಲಿ.

ವೇಲ್ಸ್‌ನ ಒಂದು ಗಣಿ ಊರಿನಲ್ಲಿ ಬಾರಿನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ವೋಕ್ಸ್ ಎಂಬ ಮಹಿಳೆ ತೋಟದ ತುಂಡು ಜಾಗದಲ್ಲಿ ಒಂದು ಮರಿಯನ್ನು ಬೆಳೆಸಿದರು. ಊರಿನವರು ವಾರಕ್ಕೆ 10 ಪೌಂಡ್ ಕೊಟ್ಟು ಪಾಲು ಸೇರಿದರು. ಡ್ರೀಮ್ ಅಲಯನ್ಸ್ ಎಂಬ ಆ ಕುದುರೆ ಸ್ನಾಯುರಜ್ಜು ಹರಿದುಕೊಂಡು, ಚಿಕಿತ್ಸೆ ಪಡೆದು, 2009ರ ಡಿಸೆಂಬರಿನಲ್ಲಿ ವೆಲ್ಷ್ ನ್ಯಾಷನಲ್ ಗೆದ್ದಿತು. ಸಿನಿಮಾ ಕೂಡ ಆದ ಈ ಕಥೆಯ ಕೊನೆಯಲ್ಲಿ ಲೆಕ್ಕ ಮುಚ್ಚಿದಾಗ ಪ್ರತಿ ಸದಸ್ಯನ ಕೈಗೆ ಬಂದದ್ದು 1,430 ಪೌಂಡ್. ಪವಾಡ ನಡೆದ ಮೇಲಿನ ಲಾಭ ಇಷ್ಟು. ಇನ್ನು 2020ರ ಕೆಂಟಕಿ ಡರ್ಬಿ ಗೆದ್ದ ಅಥೆಂಟಿಕ್ ಕುದುರೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಆನ್‌ಲೈನಿನಲ್ಲಿ 206 ಡಾಲರಿನ ಚೂರು ಪಾಲು ಕೊಂಡಿದ್ದರು. ಅಷ್ಟು ಜನ ಒಡೆಯರಾದರೆ ಕುದುರೆಯ ವಿಷಯದಲ್ಲಿ ಯಾರ ಮಾತೂ ನಡೆಯುವುದಿಲ್ಲ, ಎಲ್ಲರೂ ಪ್ರೇಕ್ಷಕರೇ.

ಭಾರತದಲ್ಲಿ ರೇಸ್ ಕುದುರೆ ಸಾಕುವವರ ಮನೆಯಿಂದ ಹುಟ್ಟಿದ ಅತಿ ದೊಡ್ಡ ಸಂಪತ್ತಿನ ಕಥೆ ಪುಣೆಯದು. ಪೂನಾವಾಲಾ ಕುಟುಂಬದ ಫಾರಂ 1946ರಲ್ಲಿ ಶುರುವಾದದ್ದು. ಅಲ್ಲಿ ವಯಸ್ಸಾದ ಕುದುರೆಗಳು ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಹೋಗುತ್ತಿದ್ದವು, ಅವುಗಳ ರಕ್ತದಿಂದ ಸೀರಂ ತಯಾರಾಗುತ್ತಿತ್ತು. ಅದನ್ನು ನಾವೇ ಯಾಕೆ ಮಾಡಬಾರದು ಎಂದುಕೊಂಡ ಸೈರಸ್ ಪೂನಾವಾಲಾ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಕಟ್ಟಿದರು. ಇಂದು ಅದು ಜಗತ್ತಿನಲ್ಲೇ ಅತಿ ಹೆಚ್ಚು ಲಸಿಕೆ ತಯಾರಿಸುವ ಕಂಪನಿ. ಹಣ ಬಂದದ್ದು ಕುದುರೆಯ ಓಟದಿಂದಲ್ಲ, ಓಟ ಮುಗಿಸಿದ ಕುದುರೆಯಿಂದ ಹೊಳೆದ ಯೋಚನೆಯಿಂದ.

ಕರಾವಳಿಯಿಂದ ಬಂದವರಿಗೆ ಈ ಲಾಭವಿಲ್ಲದ ಒಡೆತನ ಹೊಸದಲ್ಲ. ಮುಂಬಯಿಯಲ್ಲಿ ದುಡಿದು ಊರಿನಲ್ಲಿ ಕಂಬಳದ ಕೋಣ ಸಾಕುವವರು ಇದ್ದಾರೆ. ಗೆದ್ದ ಜೋಡಿಗೆ ಸಿಗುವುದು ಒಂದೆರಡು ಪವನು ಚಿನ್ನ, ಖರ್ಚಿನ ಮುಂದೆ ಅದು ಏನೂ ಅಲ್ಲ. ಸಿಗುವುದು ಮನೆತನದ ಹೆಸರು ಮೈಕಿನಲ್ಲಿ ಕೂಗುವ ಆ ಗಳಿಗೆ. ಥಾಣೆ, ರಾಯಗಡ ಜಿಲ್ಲೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿಗೆ ಎತ್ತು ಸಾಕುವವರ ಮಾತೂ ಇದೇ. 2014ರಲ್ಲಿ ನಿಂತಿದ್ದ ಈ ಓಟಗಳಿಗೆ ರಾಜ್ಯಗಳು ತಂದ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟಿನ ಐವರ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಕೋಣದ ಯಜಮಾನ ಅದನ್ನು ಹೂಡಿಕೆ ಎಂದು ಯಾರಿಗೂ ಹೇಳುವುದಿಲ್ಲ. ಕುದುರೆಯ ಪಾಲಿನವನಿಗೂ ಆ ಪ್ರಾಮಾಣಿಕತೆ ಇರಬೇಕು.

ಕಾಗದದಲ್ಲಿ ಏನಿರಬೇಕು

ಸೇರುವುದೇ ಆದರೆ ಮೊದಲು ಕರಾರು ಪತ್ರ ಓದಿ. ಪ್ರತಿಯೊಬ್ಬನ ಪಾಲು ಎಷ್ಟು, ತಿಂಗಳ ಹಣ ಯಾವ ತಾರೀಕಿಗೆ, ಕೊಡದವನ ಪಾಲು ಏನಾಗುತ್ತದೆ ಎಂಬುದು ಬರಹದಲ್ಲಿರಲಿ. ಕ್ಲಬ್ಬಿನ ಬಾಕಿ ಬೆಳೆದರೆ ಕುದುರೆ ಓಡುವುದಕ್ಕೇ ಅಡ್ಡಿಯಾಗುತ್ತದೆ, ಒಬ್ಬನ ಸೋಮಾರಿತನದ ದಂಡ ಎಂಟೂ ಜನರಿಗೆ. ಟ್ರೇನರ್ ಜೊತೆ ಮಾತಾಡುವವರು ಒಬ್ಬರೇ ಇರಲಿ, ಎಂಟು ಜನ ಫೋನು ಮಾಡಿದರೆ ಯಾವ ಟ್ರೇನರೂ ಉಳಿಯುವುದಿಲ್ಲ. ಮಾರುವ, ಬೀಜ ಒಡೆಸುವ, ನಿವೃತ್ತಿ ಮಾಡಿಸುವ ತೀರ್ಮಾನಕ್ಕೆ ಎಷ್ಟು ಜನರ ಒಪ್ಪಿಗೆ ಬೇಕು, ಪಾಲುಗಾರ ತೀರಿಕೊಂಡರೆ ಅವನ ಮನೆಯವರು ಬಿಲ್ಲು ಕಟ್ಟಬೇಕೆ, ಕುದುರೆಗೆ ವಿಮೆ ಇದೆಯೇ ಎಂಬುದನ್ನೂ ಬರೆಸಿಕೊಳ್ಳಿ. ಪಾಲುದಾರ ಸಂಸ್ಥೆಯಾಗಿದ್ದರೆ ನೋಂದಣಿ ಮಾಡಿಸಿ, ನೋಂದಣಿಯಿಲ್ಲದೆ ಕರಾರಿನ ಹಕ್ಕಿಗಾಗಿ ದಾವೆ ಹೂಡುವುದು ಕಷ್ಟ.

ಯಾರಾದರೂ ‘ಕುದುರೆಯಲ್ಲಿ ಹಣ ಹಾಕಿ, ವರ್ಷಕ್ಕೆ ಇಷ್ಟು ಗ್ಯಾರಂಟಿ’ ಎಂದರೆ ಅಲ್ಲೇ ಎದ್ದು ಬನ್ನಿ. ತೇಗದ ಮರದ ಹೆಸರಿನಲ್ಲಿ, ಎಮು ಹಕ್ಕಿಯ ಹೆಸರಿನಲ್ಲಿ ಜನ ಹಣ ಕಳೆದುಕೊಂಡದ್ದು ಇಂಥ ಮಾತು ಕೇಳಿಯೇ. ಹಲವರ ಹಣ ಒಟ್ಟುಗೂಡಿಸಿ, ಲಾಭದ ಆಸೆ ತೋರಿಸಿ, ಹಣ ಹಾಕಿದವರ ಕೈಗೆ ಆಡಳಿತ ಕೊಡದೆ ನಡೆಸುವ ಯೋಜನೆಗಳಿಗೆ ಸೆಬಿ ಕಾಯ್ದೆಯ 11ಎಎ ಕಲಂ ಅನ್ವಯಿಸಬಹುದು, ಆಗ ಸೆಬಿ ನೋಂದಣಿ ಬೇಕು. ಗೆಳೆಯರು ಕೂಡಿ ಕೊಂಡು ತಾವೇ ನೋಡಿಕೊಳ್ಳುವ ಕುದುರೆ ಬೇರೆ, ಅಪರಿಚಿತನ ಕಂಪನಿ ಮಾರುವ ಚೂರು ಪಾಲು ಬೇರೆ.

ಕರಾರಿನ ಕೊನೆಯ ಪುಟ ಕುದುರೆಯದು. ರೇಸಿನ ಆಯುಷ್ಯ ಕೆಲವೇ ವರ್ಷ, ಕುದುರೆಯ ಆಯುಷ್ಯ ಇಪ್ಪತ್ತೈದರ ಆಸುಪಾಸು. ಒಳ್ಳೆಯ ಹೆಣ್ಣು ಕುದುರೆಗಳು ಫಾರಂಗೆ ಹೋಗುತ್ತವೆ, ಕೆಲವು ಸವಾರಿ ಕ್ಲಬ್ಬುಗಳಿಗೆ ಹೋಗುತ್ತವೆ. ಉಳಿದವುಗಳ ಗತಿಯನ್ನು ಒಡೆಯರು ವಿಚಾರಿಸುವುದು ಕಡಿಮೆ. ಬಹುಮಾನದಲ್ಲಿ ಒಂದಿಷ್ಟನ್ನು ನಿವೃತ್ತಿಯ ನಿಧಿಯಾಗಿ ತೆಗೆದಿಡುವ ಷರತ್ತನ್ನು ಮೊದಲ ದಿನವೇ ಬರೆಸಿಕೊಳ್ಳಬೇಕು. ಉದ್ಯೋಗಿಗಳ ಪಿಎಫ್ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಫೈನಾನ್ಸ್ ಅಧಿಕಾರಿಗೆ ಈ ಷರತ್ತು ಬರೆಯುವುದು ಕಷ್ಟವಾಗಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಲೆಕ್ಕ ಬಲ್ಲವರು ಕುದುರೆಯ ಪಾಲು ಕೊಳ್ಳುವುದು ಲೆಕ್ಕ ಮರೆತು ಅಲ್ಲ. ಅದನ್ನು ಆಸ್ತಿಯ ಪಟ್ಟಿಯಲ್ಲಿ ಬರೆಯದೆ ಖರ್ಚಿನ ಪಟ್ಟಿಯಲ್ಲಿ ಬರೆಯುವ ಜಾಣತನ ಅವರಿಗಿದೆ. ಮಕ್ಕಳ ಓದು, ಮನೆಯ ಕಂತು, ಆರೋಗ್ಯ ವಿಮೆ, ನಿವೃತ್ತಿಯ ಉಳಿತಾಯ ಎಲ್ಲ ಕಳೆದು ಮಿಕ್ಕ ಹಣ ಇದ್ದರೆ, ಅದು ಪೂರ್ತಿ ಹೋದರೂ ಮನೆಯಲ್ಲಿ ಮಾತು ಬರುವುದಿಲ್ಲ ಎಂದಿದ್ದರೆ, ಎರಡಾಣೆ ಪಾಲು ಕೊಳ್ಳಿ, ಮುಂಜಾನೆಯ ತಾಲೀಮು ನೋಡಿ, ಗೆದ್ದ ದಿನ ಸಿಹಿ ಹಂಚಿ. ಲಾಭ ಬೇಕಿದ್ದವರಿಗೆ ಬ್ಯಾಂಕಿದೆ, ಮ್ಯೂಚುವಲ್ ಫಂಡಿದೆ. ಕುದುರೆಯ ಹತ್ತಿರ ಅದನ್ನು ಕೇಳಬೇಡಿ.